ಬಿಸಿಲುನಾಡಿನಲ್ಲಿ ದಟ್ಟರೋಮದ ಕುದುರೆ



ಪಾಂಡವರು ಅಜ್ಞಾತವಾಸಕ್ಕೆಂದು ವಿರಾಟನ ಪಟ್ಟಣವನ್ನು ಹೊಕ್ಕಾಗ ನಕುಲನು ಗ್ರಂಥಿಕನೆಂಬ ಹೆಸರಿಟ್ಟುಕೊಂಡು ಅರಮನೆಯ ಲಾಯದ ಕೆಲಸಕ್ಕೆ ನಿಂತನಷ್ಟೆ. ರಾಜಕುಮಾರನೊಬ್ಬನು ಕುದುರೆಯ ಮೈತಿಕ್ಕುವುದನ್ನು ಕೀಳೆಂದು ಎಣಿಸಲಿಲ್ಲ. ಆದಕಾರಣ ಕಾಲೇಜಿನಲ್ಲಿ ಪಾಠ ಹೇಳುವ ನಾವು ಅದೇ ವಿಷಯವಾಗಿ ಸ್ವಲ್ಪ ಹೊತ್ತು ಮಾತನಾಡಿದರೆ ತಾವು ಅನ್ಯಥಾ ಭಾವಿಸಲಾರಿರೆಂದು ನಂಬಿದ್ದೇವೆ.

ಈಗ ಕುದುರೆಗಳೆಲ್ಲಿವೆ ಎಂದು ತಾವು ಕೇಳಬಹುದು. ಟಾಂಗಾಗಳು ಬಹುಮಟ್ಟಿಗೆ ಮರೆಯಾದುವು. ಅವು ನಿಲ್ಲುತ್ತಿದ್ದ ಕಟ್ಟೆಗಳಲ್ಲಿ ಆಟೋರಿಕ್ಷಾಗಳು ನಿಂತಿವೆ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಊರುಗಳ ಸೀಮೆಯಲ್ಲಿ ಸಂಚರಿಸಿದವರಿಗೆ ಕುದುರೆ ಕಣ್ಣಿಗೆ ಬೀಳದೆ ಇರದು. ಕುರಿಯ ಹಿಂಡಿನ ಹಿಂದೆ ಕಂಬಳಿ, ಪಾತ್ರೆ, ನಡೆಯಲಾರದ ಎಳೆಗುರಿಗಳನ್ನು ಹೊತ್ತು ತಟ್ಟುಗಳು ಹೋಗುತ್ತಿರುತ್ತವೆ. ಜಾತ್ರೆಗಳಲ್ಲಿ ಗಾಡಿಯ ಪಂದ್ಯಕ್ಕೆಂದು ಸಾಕಿದ ಕುದುರೆಗಳುಂಟು. ನಗರವಾಸಿಗಳಾದ ತಾವೂ ವೈಶಾಖಮಾಸದ ಮೆರವಣಿಗೆಯಲ್ಲಿ, ಕಾದ ಡಾಂಬರಿನ ಮೇಲೆ, ಜರಿಯ ಹೊದಿಕೆಯನ್ನು ಹೊತ್ತು, ವಾದ್ಯದ ಗದ್ದಲಕ್ಕೆ ಕಿವಿ ಅಲುಗಿಸುತ್ತ ನಿಂತಿರುವ ಮದುವೆಯ ಕುದುರೆಯನ್ನು ಕಂಡಿದ್ದೀರಿ. ಮದುಮಗನ ಸೆಕೆಯನ್ನು ವಿಚಾರಿಸುವವರು ನೂರು ಮಂದಿ. ಕುದುರೆಯದನ್ನು ವಿಚಾರಿಸುವವರಾರು?

ಈಗ ವಿಜಯಪುರವೆಂದು ಕರೆಯುವ ವಿಜಾಪುರ ಜಿಲ್ಲೆಯೊಳಗೆ ಈ ನಾಲ್ಕು ಊರುಗಳಿವೆ. ಇಂಡಿ, ಸಿಂದಗಿಗಳ ಮೇರೆಯಲ್ಲಿ ಭೀಮೆ ಹರಿಯುತ್ತಾಳೆ. ಮುದ್ದೇಬಿಹಾಳದ ದಕ್ಷಿಣಕ್ಕೆ ಕೃಷ್ಣೆ. ನಡುವೆ ಡೋಣಿ. ಡೋಣಿ ಹರಿದರೆ ಕಾಳಿಗೆ ಬರವಿಲ್ಲವೆಂಬ ಅರ್ಥದ ಗಾದೆ ಅಲ್ಲಿಯ ಎಲ್ಲರ ಬಾಯಲ್ಲಿದೆ. ನೆಲವೆಲ್ಲ ಎರೆ, ಚೈತ್ರ ಕಳೆಯುವಷ್ಟರಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಉಷ್ಣವು 40 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವುದು ಅಲ್ಲಿ ವಿಶೇಷವಲ್ಲ.

ಇಂಥ ಬಿಸಿಲೇ ಕುದುರೆಗೆ ಶತ್ರುವೆಂದು ಮೊದಲ ನೋಟಕ್ಕೆ ತೋರುವುದಾದರೂ ಇತಿಹಾಸವು ಹಾಗೆ ಹೇಳುವುದಿಲ್ಲ. ವಿಜಯನಗರದ ಅರಸನು ಒರ್ಮುಜಿನವು ಮತ್ತು ನಾಡತಳಿಯವು ಸೇರಿ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸನಾದ ನೂನಿಜ್ ಬರೆದಿದ್ದಾನೆ. 1510ರಲ್ಲಿ ಗೋವೆ ಕೈಬಿಟ್ಟುಹೋದಾಗ ವಿಜಾಪುರದ ಆದಿಲಶಾಹಿಗಳು ಕಳೆದುಕೊಂಡುದು ಒಂದು ಬಂದರನ್ನು ಮಾತ್ರವಲ್ಲ, ಕುದುರೆಗಳು ಬಂದಿಳಿಯುವ ದಾರಿಯನ್ನು ಕೂಡ. 1565ರ ಜನವರಿಯಲ್ಲಿ ನಡೆದ ಮಹಾಯುದ್ಧಕ್ಕೆ ಹೆಸರು ಕೊಟ್ಟ ತಾಳಿಕೋಟೆ, ರಕ್ಕಸಗಿ, ತಂಗಡಗಿಗಳೆಲ್ಲ ಮುದ್ದೇಬಿಹಾಳದ ಕಡೆಯವೇ. ಅರಬ್ಬೀ ಕುದುರೆ ಮರುಭೂಮಿಯ ಮಗು. ತೆಳುವಾದ ಚರ್ಮ, ರೇಷ್ಮೆಯಂಥ ಕಿರುರೋಮ. ಅದಕ್ಕೆ ವಿಜಾಪುರದ ಬಿಸಿಲು ಹೊಸದಲ್ಲ. 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿಗೆ ಬಂದ ಕುದುರೆಗಳು ರಾಶಿರಾಶಿಯಾಗಿ ಸಾಯುತ್ತಿದ್ದುದಕ್ಕೆ ಆರೈಕೆ ಬಲ್ಲವರಿಲ್ಲದಿರುವುದನ್ನು ಮುಖ್ಯ ಕಾರಣವೆಂದನು. ಬೇಯಿಸಿದ ಅನ್ನಕ್ಕೆ ಮಾಂಸ ಸೇರಿಸಿ ತಿನ್ನಿಸುತ್ತಿದ್ದರಂತೆ! ಇನ್ನು ಭೀಮಾತೀರದ್ದೇ ಆದ ಭೀಮಥಡಿ ತಟ್ಟು ಮರಾಠರ ದಂಡಿನಲ್ಲಿ ದುಡಿದದ್ದು. ಈಚಿನ ವರ್ಷಗಳಲ್ಲಿ ಅದು ದೇಶದ ತಳಿಗಳ ಪಟ್ಟಿಯಲ್ಲಿ ಪ್ರತ್ಯೇಕ ತಳಿಯಾಗಿ ದಾಖಲಾಗಿದೆ. ಅದಕ್ಕೂ ಬಿಸಿಲು ಸ್ವಂತ ಮನೆಯೇ. ಹಾಗಾದರೆ ಕಷ್ಟವು ಬರುವುದು ಯಾವಾಗ? ಬೇಸಗೆ ಬಂದರೂ ಚಳಿಗಾಲದ ರೋಮ ಮೈಬಿಡದೆ ಉಳಿದಾಗ.

ಕುದುರೆಯು ಚಳಿಯನ್ನು ನೋಡಿ ರೋಮ ಬೆಳೆಸುವುದಿಲ್ಲ, ಸೆಕೆಯನ್ನು ನೋಡಿ ಉದುರಿಸುವುದೂ ಇಲ್ಲ. ಮುಖ್ಯವಾಗಿ ಹಗಲಿನ ಉದ್ದವನ್ನು ನೋಡಿ ಹಾಗೆ ಮಾಡುತ್ತದೆ. ಕಣ್ಣಿಗೆ ಬೀಳುವ ಬೆಳಕು ಮಿದುಳಿನ ಗ್ರಂಥಿಗಳಿಗೆ ಸುದ್ದಿ ಮುಟ್ಟಿಸುತ್ತದೆ. ಹಗಲು ಹಿಗ್ಗುತ್ತಿರುವುದನ್ನು ತಿಳಿದ ದೇಹವು ಹಳೆಯ ರೋಮವನ್ನು ಕಳಚತೊಡಗುತ್ತದೆ. ಇಂಗ್ಲೆಂಡಿನಲ್ಲಿ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಎಂಟು ಗಂಟೆಗಿಂತ ಹೆಚ್ಚಿನ ಅಂತರವುಂಟು. ವಿಜಾಪುರದಲ್ಲಿ ಅದು ಸುಮಾರು ಎರಡೇ ಗಂಟೆ. ಆದಕಾರಣ ನಮ್ಮ ಕಡೆಯ ಕುದುರೆಗೆ ಚಳಿಗಾಲದ ರೋಮವೇ ಕಡಿಮೆ. ಇದ್ದಷ್ಟೂ ಸಂಕ್ರಾಂತಿಯ ಸುಮಾರಿಗೆ ಸಡಿಲವಾಗಿ ಯುಗಾದಿಯ ಹೊತ್ತಿಗೆ ಮೈ ನುಣುಪಾಗಿರಬೇಕು. ಸ್ಪಿತಿ, ಝನ್‌ಸ್ಕಾರ್, ಭೂತಿಯಾ ಮೊದಲಾದ ಹಿಮಾಲಯದ ತಟ್ಟುಗಳನ್ನು ಯಾರಾದರೂ ಇಲ್ಲಿಗೆ ತಂದರೆ ಅವುಗಳ ಮಾತು ಬೇರೆ. ದಟ್ಟರೋಮವು ಅವುಗಳ ಹುಟ್ಟುಗುಣ. ಇಲ್ಲಿಯೇ ಹುಟ್ಟಿ ಬೆಳೆದ ಕುದುರೆ ಯುಗಾದಿ ಕಳೆದ ಮೇಲೂ ಕಂಬಳಿ ಹೊದ್ದಂತೆ ಕಾಣುತ್ತಿದ್ದರೆ ಮಾತ್ರ ಅದಕ್ಕೊಂದು ಕಾರಣವಿರಬೇಕು. ಹೊಟ್ಟೆಗೆ ಸಾಲದಿರಬಹುದು, ಜಂತುಹುಳುಗಳು ತುಂಬಿರಬಹುದು, ಇಲ್ಲವೆ ವಯಸ್ಸಾದುದರಲ್ಲಿ ನಾವು ಈಗ ಹೇಳಲಿರುವ ವ್ಯಾಧಿಯಿರಬಹುದು.

ನಮ್ಮ ಸೋದರಮಾವಂದಿರು ಇಂಡಿ ತಾಲ್ಲೂಕಿನವರು. ನಾವು ಹುಡುಗರಾಗಿದ್ದಾಗ ಅವರಲ್ಲಿ ಒಂದು ಟಾಂಗಾ, ಅದಕ್ಕೊಂದು ಮುದಿ ಹೆಣ್ಣುಕುದುರೆ ಇದ್ದುವು. ಇಂಡಿ ರೋಡ್ ಎಂಬ ರೈಲುನಿಲ್ದಾಣಕ್ಕೆ ಬೇಸಗೆಯ ರಜೆಯಲ್ಲಿ ಬಂದಿಳಿಯುತ್ತಿದ್ದ ನಮ್ಮನ್ನು ಅದೇ ಊರಿಗೆ ಎಳೆದುಕೊಂಡು ಹೋಗುತ್ತಿತ್ತು. ಒಂದು ವರ್ಷ ಅದರ ರೋಮವು ಉದುರಲೇ ಇಲ್ಲ. ಕುತ್ತಿಗೆಯ ಕೆಳಗೂ ಹೊಟ್ಟೆಯ ಬದಿಗೂ ಅದು ಗುಂಗುರಾಗಿ ಬೆಳೆದಿತ್ತು. ಬೆನ್ನು ಬತ್ತಿ ಹೊಟ್ಟೆ ಜೋತಿತ್ತು. ಹಿಂದೆ ಒಂದು ಬಕೀಟು ಕುಡಿಯುತ್ತಿದ್ದುದು ಮೂರು ಬಕೀಟು ಕುಡಿಯುತ್ತಿತ್ತು. ಮನೆಯವರೆಲ್ಲ ಇದನ್ನು ನೋಡಿ ಸಂತೋಷಪಟ್ಟರೆಂದರೆ ತಾವು ನಗಬಹುದು. ಇಷ್ಟು ಕೂದಲು ಬೆಳೆಯಬೇಕಾದರೆ ರಕ್ತದಲ್ಲಿ ಕಸುವಿರಬೇಕೆಂದು ಮಾವನವರ ಅಭಿಪ್ರಾಯ. ನಮಗೂ ಅದು ಒಪ್ಪಿಗೆಯಾಗಿತ್ತು.

ಆ ವರ್ಷ ರೈಲು ತಡವಾಗಿ ಬಂದುದರಿಂದ ನಾವು ನಡುಮಧ್ಯಾಹ್ನದಲ್ಲಿ ಹೊರಡಬೇಕಾಯಿತು. ನಾಲ್ಕು ಜನ, ಎರಡು ಟ್ರಂಕು. ಅರ್ಧದಾರಿಯಲ್ಲಿ ಕುದುರೆ ನಿಂತಿತು. ಮೂಗಿನ ಹೊಳ್ಳೆಗಳು ಅರಳಿ ಪಕ್ಕೆಗಳು ತಿದಿಯಂತೆ ಆಡುತ್ತಿದ್ದುವು. ಮಾವನವರು ಇಳಿದು ಲಗಾಮು ಹಿಡಿಯುವಷ್ಟರಲ್ಲಿ ಮುಂಗಾಲು ಮಡಿಸಿತು. ರಸ್ತೆಯ ಬದಿಯ ತೋಟದಲ್ಲಿ ಬಾವಿ, ಬಾವಿಯ ಹತ್ತಿರ ಕುರಿಗಳಿಗೆ ನೀರು ಕುಡಿಸುತ್ತಿದ್ದ ವೃದ್ಧ ಕುರುಬನೊಬ್ಬನಿದ್ದನು. ನಾವು ಓಡಿ ಒಂದು ಕೊಡ ನೀರು ತಂದರೆ ಕೂಡಿದ್ದ ಜನ ತಡೆದರು. ಕಾದ ಮೈಗೆ ತಣ್ಣೀರು ಬಿದ್ದರೆ ನರ ಹಿಡಿದು ಅಲ್ಲಿಯೇ ಸಾಯುತ್ತದೆಂದು ಅವರ ನಂಬಿಕೆ. ಒಬ್ಬನು ತನ್ನ ಗೋಣಿಯನ್ನು ತೋಯಿಸಿ ಬೆನ್ನಿನ ಮೇಲೆ ಹೊದಿಸಿದನು. ಕುರುಬನು ಬಂದು ಮೊದಲು ಆ ಗೋಣಿಯನ್ನು ಕಿತ್ತೊಗೆದನು. "ನೀರ ಹಾಕ್ರಿ ಗೌಡ್ರ, ಹಾಕ್ತಾನ ಇರ್ರಿ. ಮೈ ತಂಪಾಗೂತನಕಾ ನಿಲ್ಲಿಸಬ್ಯಾಡ್ರಿ" ಎಂದು ತಾನೇ ಕೊಡ ಎತ್ತಿದನು. ಎಷ್ಟು ಕೊಡಗಳಾದುವೋ ಎಣಿಸಲಿಲ್ಲ. ಬಹಳ ಹೊತ್ತಿನ ಮೇಲೆ ಕುದುರೆ ಎದ್ದು ನಿಂತಿತು; ನಾವು ಟ್ರಂಕುಗಳನ್ನು ಅಲ್ಲಿಯೇ ಬಿಟ್ಟು ಅದರ ಜತೆ ಸಂಜೆಯ ತಂಪಿನಲ್ಲಿ ನಡೆದು ಊರು ಸೇರಿದೆವು.

ಮರುದಿನ ಅದೇ ವೃದ್ಧನು ಬಂದು, ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದ ಅದರ ಮೈಯ ರೋಮವನ್ನೆಲ್ಲ ಕತ್ತರಿಸಿಹಾಕಿದನು. ಕುದುರೆಯ ಮೈ ಹೊಲದ ಒಡ್ಡುಗಳಂತೆ ಮೆಟ್ಟಲು ಮೆಟ್ಟಲಾಗಿ ಕಾಣುತ್ತಿತ್ತು. ಓಣಿಯ ಹುಡುಗರು ನಕ್ಕರು. ಅಂದು ರಾತ್ರಿ ಅದು ಬಹಳ ದಿನಗಳ ಮೇಲೆ ಕಣಿಕೆಯನ್ನು ಪೂರ್ತಿ ತಿಂದಿತು.

ಆ ಮುದುಕನಿಗೆ ತಿಳಿದಿದ್ದುದು ಏನೆಂಬುದನ್ನು ನಾವು ಎಷ್ಟೋ ವರ್ಷಗಳ ಮೇಲೆ ಪುಸ್ತಕಗಳಿಂದ ಅರಿತೆವು. ದುಡಿಯುವ ಕುದುರೆಯ ಸ್ನಾಯುಗಳು ತಿಂದ ಶಕ್ತಿಯಲ್ಲಿ ನಾಲ್ಕನೆಯ ಒಂದು ಪಾಲನ್ನೂ ಚಲನೆಯಾಗಿ ಮಾರ್ಪಡಿಸಲಾರವು. ಉಳಿದದ್ದೆಲ್ಲ ಉಷ್ಣವಾಗಿ ಮೈಯಲ್ಲಿ ನಿಲ್ಲುತ್ತದೆ. ಮನುಷ್ಯನಿಗೆ ಹೋಲಿಸಿದರೆ ಕುದುರೆಯ ತೂಕಕ್ಕೆ ತಕ್ಕಷ್ಟು ಚರ್ಮದ ವಿಸ್ತಾರವಿಲ್ಲ. ಈ ಕೊರತೆಯನ್ನು ಪ್ರಕೃತಿಯು ಬೆವರಿನಿಂದ ತುಂಬಿಕೊಟ್ಟಿದೆ. ಕುದುರೆಯ ಬೆವರಿನಲ್ಲಿ ಸಾಬೂನಿನಂತೆ ನೊರೆಬರಿಸುವ ಒಂದು ಪದಾರ್ಥವುಂಟು. ಅದು ಜಿಡ್ಡುಳ್ಳ ರೋಮವನ್ನು ತೋಯಿಸಿ, ಬೆವರನ್ನು ರೋಮದ ಬುಡದಿಂದ ತುದಿಯವರೆಗೆ ಹರಡಿ, ಗಾಳಿಗೆ ಒಡ್ಡುತ್ತದೆ. ಬೆವರು ಆರಿದರೆ ಮೈ ತಣ್ಣಗಾಗುತ್ತದೆ. ಸುಮ್ಮನೆ ತೊಟ್ಟಿಕ್ಕಿದರೆ ಪ್ರಯೋಜನ ಕಡಿಮೆ. ವಿಜಾಪುರದ ಒಣಗಾಳಿಯಲ್ಲಿ ಬೆವರು ಆರುವುದು ಬಹಳ ಸುಲಭ. ಆದಕಾರಣವೇ ನುಣುಪು ಮೈಯ ಕುದುರೆ ಅಲ್ಲಿ 40 ಡಿಗ್ರಿಯನ್ನೂ ತಾಳುತ್ತದೆ. ದಟ್ಟರೋಮವಿದ್ದರೆ ಹಾಗಲ್ಲ. ರೋಮದೊಳಗೆ ಸಿಕ್ಕಿಬಿದ್ದ ಗಾಳಿ ಕದಲುವುದಿಲ್ಲ. ಬೆವರಿನ ತೇವದಿಂದ ತುಂಬಿಕೊಂಡು ಚರ್ಮಕ್ಕೆ ಅಂಟಿ ನಿಲ್ಲುತ್ತದೆ. ವಿಜಾಪುರದ ಬಿಸಿಲಿನಲ್ಲಿ ನಿಂತು ಮೈತುಂಬ ಮಂಗಳೂರಿನ ಸೆಕೆಯನ್ನು ಹೊದ್ದುಕೊಂಡಂತಾಯಿತು.

ಪಾಶ್ಚಾತ್ಯ ಸವಾರರಲ್ಲಿ ಒಂದು ಲೆಕ್ಕವಿದೆ. ಹವೆಯ ಉಷ್ಣವನ್ನು ಫ್ಯಾರನ್‌ಹೀಟಿನಲ್ಲಿ ತೆಗೆದುಕೊಂಡು ಅದಕ್ಕೆ ಗಾಳಿಯ ತೇವಾಂಶದ ಪ್ರತಿಶತವನ್ನು ಕೂಡಿಸತಕ್ಕದ್ದು. ಮೊತ್ತವು 130ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 150 ದಾಟಿದರೆ ಎಚ್ಚರ. 180ರ ಹತ್ತಿರ ಬಂದರೆ ಕುದುರೆಯನ್ನು ದುಡಿಸಲೇಕೂಡದು. ಮೇ ತಿಂಗಳ ಇಂಡಿಯಲ್ಲಿ ಉಷ್ಣ 104, ತೇವಾಂಶ 20 ಎಂದಿಟ್ಟುಕೊಂಡರೆ ಮೊತ್ತ 124. ಲೆಕ್ಕದ ಪ್ರಕಾರ ನಮ್ಮ ಮಾವನವರ ಕುದುರೆ ಬೀಳಬೇಕಾಗಿಯೇ ಇರಲಿಲ್ಲ! ನೇರ ಬಿಸಿಲೂ ಮೈಮೇಲಿನ ರೋಮವೂ ಈ ಲೆಕ್ಕಕ್ಕೆ ಬಾರವು. ಆದುದರಿಂದ ಲೆಕ್ಕಕ್ಕಿಂತ ಕುದುರೆಯ ಮೈಯನ್ನೇ ನಂಬುವುದು ಲೇಸು. ಸುಮ್ಮನೆ ನಿಂತ ದೊಡ್ಡ ಕುದುರೆ ನಿಮಿಷಕ್ಕೆ 8ರಿಂದ 16 ಬಾರಿ ಉಸಿರಾಡುತ್ತದೆ. ಮೈಯ ಉಷ್ಣ 37.5ರಿಂದ 38.5 ಡಿಗ್ರಿ ಸೆಂಟಿಗ್ರೇಡ್. ನೆರಳಿನಲ್ಲಿ ನಿಂತೂ ಉಸಿರು ಇಳಿಯದಿದ್ದರೆ, ಉಷ್ಣ 40ಕ್ಕೆ ಏರಿದರೆ, ಎಲ್ಲಕ್ಕಿಂತ ಮಿಗಿಲಾಗಿ ಬೆವರಬೇಕಾದ ಹೊತ್ತಿನಲ್ಲಿ ಮೈ ಒಣಗಿದ್ದರೆ, ತಡಮಾಡತಕ್ಕದ್ದಲ್ಲ. ಬೆವರೇ ನಿಂತುಹೋಗುವ ಒಂದು ರೋಗವುಂಟು. ಇಂಗ್ಲೆಂಡಿನಿಂದ ನಮ್ಮ ದೇಶಕ್ಕೆ ತಂದ ಪಂದ್ಯದ ಕುದುರೆಗಳಲ್ಲಿ ಕಳೆದ ಶತಮಾನದ ಮೊದಲ ಭಾಗದಲ್ಲಿ ಅದನ್ನು ಗುರುತಿಸಿದ್ದರು.

ಇನ್ನು ಉಪಚಾರ. ಎಲ್ಲಕ್ಕೂ ಮೊದಲು ನೆರಳು. ಹಿಂದಿನವರು ಮಣ್ಣಿನ ಮಾಳಿಗೆಯ ಕೆಳಗೆ, ದಪ್ಪಗೋಡೆಗಳ ನಡುವೆ, ತಮ್ಮ ಜತೆಯಲ್ಲಿಯೇ ದನಕರುಗಳನ್ನೂ ಕುದುರೆಯನ್ನೂ ಕಟ್ಟುತ್ತಿದ್ದರು. ವಾಸನೆಯಿದ್ದರೂ ತಂಪಿತ್ತು. ಈಗ ಊರೂರಿಗೂ ತಗಡಿನ ಚಾವಣಿ ಬಂದಿದೆ. ಕಟ್ಟಿಸಲು ಅಗ್ಗ, ನೋಡಲು ಅಚ್ಚುಕಟ್ಟು, ಮಧ್ಯಾಹ್ನಕ್ಕೆ ರೊಟ್ಟಿಯ ಹಂಚು. ಅದರ ಕೆಳಗೆ ದಟ್ಟರೋಮದ ಕುದುರೆಯನ್ನು ಕಟ್ಟುವುದಕ್ಕಿಂತ ಹೊರಗೆ ಬೇವಿನ ಮರದಡಿಯಲ್ಲಿ ಕಟ್ಟುವುದು ಮೇಲು. ಬೇವು ಚೈತ್ರದಲ್ಲಿಯೇ ಹೊಸ ಎಲೆ ಹೊತ್ತು ನಿಂತಿರುತ್ತದೆ. ಜಾಲಿಯ ನೆರಳು ಜರಡಿಯ ನೆರಳು. ತಗಡು ಅನಿವಾರ್ಯವಾದರೆ ಅದರ ಮೇಲೆ ಜೋಳದ ಕಣಿಕೆಯನ್ನಾಗಲಿ ಹತ್ತಿಯ ಕಟ್ಟಿಗೆಯನ್ನಾಗಲಿ ಒಂದು ಮೊಳ ದಪ್ಪವಾಗಿ ಹಾಸಿ, ಎದುರುಬದುರು ಎರಡು ಕಡೆ ಗಾಳಿಗೆ ದಾರಿ ಬಿಡಬೇಕು.

ನೀರಿನ ವಿಷಯದಲ್ಲಿ ಕೈಬಿಗಿ ಹಿಡಿಯಬಾರದು. ದೊಡ್ಡ ಕುದುರೆ ಸುಮ್ಮನೆ ನಿಂತರೂ ದಿನಕ್ಕೆ 25ರಿಂದ 40 ಲೀಟರು ಕುಡಿಯುತ್ತದೆ. ಬೇಸಗೆಯಲ್ಲಿ ದುಡಿದರೆ ಇದರ ಎರಡರಷ್ಟು. ತಟ್ಟುಗಳಿಗೆ ಗಾತ್ರಕ್ಕೆ ತಕ್ಕಂತೆ ಕಡಿಮೆ. ದುಡಿದು ಬಂದೊಡನೆ ನೀರು ಕೊಟ್ಟರೆ ಹೊಟ್ಟೆಶೂಲೆ ಬರುತ್ತದೆಂಬ ಮಾತಿಗೆ ಈಚಿನ ಪರೀಕ್ಷೆಗಳಲ್ಲಿ ಆಧಾರ ಸಿಕ್ಕಿಲ್ಲ. ಡೋಣಿಯ ಸೀಮೆಯಲ್ಲಿ ಇನ್ನೊಂದು ತೊಡಕು: ಆ ನೀರು ಉಪ್ಪು. ಬಾಯಿಗೆ ಹಿತವಾಗದ ನೀರನ್ನು ಕುದುರೆ ಬೇಕಾದಷ್ಟು ಕುಡಿಯುವುದಿಲ್ಲ, ಸಿಹಿನೀರನ್ನೇ ತಂದಿಡಬೇಕು. ಹಾಗೆಂದು ಉಪ್ಪು ಬೇಡವೆಂದಲ್ಲ. ಮನುಷ್ಯನ ಬೆವರಿಗಿಂತ ಕುದುರೆಯ ಬೆವರಿನಲ್ಲಿ ಉಪ್ಪು ಬಹಳ ಹೆಚ್ಚು. ದೊಡ್ಡ ಕುದುರೆಗೆ ದಿನಕ್ಕೆ ಸುಮಾರು 30 ಗ್ರಾಂ, ಚೆನ್ನಾಗಿ ಬೆವರಿದ ದಿನ ಅದರ ಎರಡರಷ್ಟು ಉಪ್ಪನ್ನು ಬೂಸಾದಲ್ಲಿ ಕಲಸಿ ಕೊಡಬೇಕು.

ಮೈತಿಕ್ಕುವುದು ಪ್ರತಿದಿನದ ಕೆಲಸ. ಹಲ್ಲುಳ್ಳ ಬಾಚಣಿಗೆಯಿಂದ ಸುತ್ತುಸುತ್ತಾಗಿ ಸಡಿಲರೋಮವನ್ನು ಎಬ್ಬಿಸಿ, ಬ್ರಷ್ಷಿನಿಂದ ಧೂಳು ತೆಗೆದರೆ ಅರ್ಧ ಕಂಬಳಿ ಕೈಗೆ ಬರುತ್ತದೆ. ಕುತ್ತಿಗೆಯ ಜೂಲನ್ನು ಹೆಣೆದು ಕಟ್ಟಿದರೆ ಅಲ್ಲಿಯೂ ಗಾಳಿಯಾಡುತ್ತದೆ. ಇಷ್ಟಾದರೂ ರೋಮವು ಬಿಡದಿದ್ದರೆ ಕತ್ತರಿಸಲೇಬೇಕು. ಕುರುಬನ ಕತ್ತರಿ ಆಪತ್ಕಾಲಕ್ಕೆ ಸರಿ. ಕುದುರೆಯ ಚರ್ಮವು ತೆಳುವಾದುದರಿಂದ ರೋಮ ಕತ್ತರಿಸುವ ಯಂತ್ರವೇ ಉತ್ತಮ. ಅದರ ಅಲಗು ಕಾಯುತ್ತದೆ. ಆಗಾಗ ಮುಟ್ಟಿ ನೋಡಿ ನಿಲ್ಲಿಸಬೇಕು. ಚರ್ಮ ಕಾಣುವಷ್ಟು ಬೋಳಿಸಬಾರದು, ಅದರಲ್ಲಿಯೂ ಬಿಳಿಯ ಚರ್ಮವಿರುವ ಕಡೆ ಬಿಸಿಲಿನ ಸುಟ್ಟಗಾಯವಾಗುತ್ತದೆ. ಹಣೆಯ ಜುಟ್ಟನ್ನೂ ಬಾಲವನ್ನೂ ಅಂದಕ್ಕಾಗಿ ಕತ್ತರಿಸುವವರನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ. ನೊಣಗಳನ್ನು ಓಡಿಸಲು ಆ ಮೂಕಪ್ರಾಣಿಗೆ ಬೇರೆ ಕೈಗಳಿಲ್ಲ.

ಕುದುರೆ ಸೆಕೆಯಿಂದ ತತ್ತರಿಸಿದರೆ ಮಾಡಬೇಕಾದುದು ಆ ವೃದ್ಧನು ಮಾಡಿದುದೇ. ತಡಿ, ಪಟ್ಟಿ, ಜರಿಯ ಹೊದಿಕೆಗಳನ್ನು ಕಳಚಿ, ನೆರಳಿಗೆ ತಂದು, ಮೈಯೆಲ್ಲ ತೊಯ್ಯುವಂತೆ ನೀರನ್ನು ಎಡೆಬಿಡದೆ ಹೊಯ್ಯುತ್ತಿರಬೇಕು. 1996ರಲ್ಲಿ ಅಟ್ಲಾಂಟಾದ ಒಲಿಂಪಿಕ್ ಪಂದ್ಯಗಳು ಅಲ್ಲಿಯ ಬೇಸಗೆಯಲ್ಲಿಯೇ ನಡೆಯಬೇಕಾಗಿ ಬಂದಾಗ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ, ತಣ್ಣೀರಿನಿಂದ ಕಾದ ಕುದುರೆಗೆ ನರವೂ ಹಿಡಿಯುವುದಿಲ್ಲ, ಹಾನಿಯೂ ಇಲ್ಲವೆಂದು ತೋರಿಸಿದರು. ಒಂದು ಕೊಡ ಹೊಯ್ದು ಬಿಡುವುದು ಸಾಲದು. ರೋಮದಲ್ಲಿ ನಿಂತ ನೀರು ಕ್ಷಣಮಾತ್ರದಲ್ಲಿ ಮೈಯಷ್ಟೇ ಬಿಸಿಯಾಗುತ್ತದೆ. ಹೊಸ ನೀರು ಅದನ್ನು ನೂಕಿಕೊಂಡು ಹೋಗಬೇಕು. ಒದ್ದೆ ಗೋಣಿಯನ್ನು ಹೊದಿಸುವುದು ರೋಮದ ಮೇಲೆ ಇನ್ನೊಂದು ರೋಮ ಹೊದಿಸಿದಂತೆ. ಅಷ್ಟರಲ್ಲಿ ಒಬ್ಬರು ಪಶುವೈದ್ಯರನ್ನು ಕರೆಯಲು ಹೋಗಿರಬೇಕು.

ಮಾವನವರ ಕುದುರೆಗೆ ಇದ್ದುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ವ್ಯಾಧಿಯೆಂದು ಈಗ ನಾವು ನಂಬಿದ್ದೇವೆ. 15 ವರ್ಷ ಮೀರಿದ ಕುದುರೆಗಳಲ್ಲಿ ಅದು ಅಪರೂಪವಲ್ಲ. ಉದುರದ ಗುಂಗುರು ರೋಮ, ಬತ್ತಿದ ಬೆನ್ನು, ಅತಿಯಾದ ಬಾಯಾರಿಕೆ ಅದರ ಕುರುಹುಗಳು; ಗೊರಸಿನ ಒಳಪೊರೆ ಉರಿದು ಕುಂಟಾಗುವುದು ಅದರ ಕ್ರೂರ ಫಲ. ಪೂರ್ತಿ ಗುಣವಾಗದಿದ್ದರೂ ಹಿಡಿತದಲ್ಲಿಡಲು ಪರ್ಗೊಲೈಡ್ ಎಂಬ ಔಷಧವಿದೆ. ಅದನ್ನು ಪಶುವೈದ್ಯರು ಹೇಳಿದಂತೆ ದಿನವೂ ಕೊಡಬೇಕು. ನಮ್ಮ ಮನೆಯಲ್ಲಿ ಯಾರಿಗೂ ಇದು ತಿಳಿದಿರಲಿಲ್ಲ. ಮರುವರ್ಷ ಅದು ಮುಂಗಾಲುಗಳನ್ನು ಊರಲಾರದೆ ಮಲಗಿತು. ನಾವು ರಜೆಗೆ ಹೋದಾಗ ಲಾಯದಲ್ಲಿ ಬರಿಯ ಗೂಟವಿತ್ತು.

ಕೊನೆಗೆ ಒಂದು ಎಚ್ಚರಿಕೆ ಉಳಿಯಿತು. ಜೂನ್ ತಿಂಗಳ ಮೊದಲ ಮಳೆ ಬಿದ್ದೊಡನೆ ಬೇಸಗೆ ಮುಗಿಯಿತೆಂದು ಜನ ಗಾಡಿ ಹೂಡುತ್ತಾರೆ. ಉಷ್ಣವು 92ಕ್ಕೆ ಇಳಿದಿರುತ್ತದೆ ನಿಜ. ಆದರೆ ತೇವಾಂಶವು 65ಕ್ಕೆ ಏರಿದ್ದರೆ ಆ ಪಾಶ್ಚಾತ್ಯ ಲೆಕ್ಕದಲ್ಲಿ ಮೊತ್ತ 157. ಬೆವರು ಆರದ ದಿನಗಳು ಆಗಲೇ ಮೊದಲಾಗುತ್ತವೆ. ಮೇ ತಿಂಗಳಿನಲ್ಲಿ ಇಟ್ಟುಕೊಂಡಿದ್ದ ಹೊತ್ತುಗಳನ್ನೇ, ಎಂದರೆ ಬೆಳಗಿನ ಒಂಬತ್ತರೊಳಗೆ, ಸಂಜೆ ಐದೂವರೆಯ ಮೇಲೆ, ಇನ್ನೂ ಕೆಲವು ವಾರ ಮುಂದುವರಿಸತಕ್ಕದ್ದು. ಜೂನ್ 21 ಕಳೆದೊಡನೆ ಹಗಲು ಕುಗ್ಗಲಾರಂಭಿಸಿ, ಮುಂದಿನ ಚಳಿಗಾಲದ ರೋಮಕ್ಕೆ ಕುದುರೆಯ ಮೈಯಲ್ಲಿ ಸಿದ್ಧತೆ ತೊಡಗಿರುತ್ತದೆ.